ಗುಡ್ಡದ ಮೇಲೆ ಬೆಣ್ಣೆ

ಥೆಲ್ಮಾ ಬರ್ಕೆಟ್‌ಳ ಬಾಯಿಂದ ಉದುರಿಹೋದದ್ದು ದೊಡ್ಡ ಮಾತುಗಳಲ್ಲ. ಕುರಿ, ನಾಯಿ, ಗೇಟು, ಮಳೆ, ಟೀ ಎಲ್ಲ ಇದ್ದಲ್ಲೇ ಇದ್ದವು. ಹೋಗು, ಬಾ, ಇಡು, ತೆಗೆ, ಇವೂ ಇದ್ದವು. ಹೋದದ್ದು ಸಾಸಿವೆ ಕಾಳಿನಷ್ಟು ಪದಗಳು: ಅಪ್, ಆಫ್, ಇನ್, ಔಟ್, ಬೈ, ವಿತ್. ಕುರಿಗಳು ಮರಿ ಹಾಕುವ ಗಡಿಬಿಡಿಯೆಲ್ಲ ಮುಗಿದು ಇನ್ನೇನು ಉಸ್ಸಪ್ಪಾ ಎಂದು ಕೂರಬೇಕು ಅನ್ನುವ ಏಪ್ರಿಲ್ ಕೊನೆಯಲ್ಲಿ, ದೊಡ್ಡಿಯ ಬಾಗಿಲಲ್ಲೇ ಅವಳಿಗೆ ಲಕ್ವ ಹೊಡೆಯಿತು. ಕಾಲು ಬೇಗ ಸರಿಹೋಯಿತು. ಕೈಯೂ ತಕ್ಕಮಟ್ಟಿಗೆ ಬಂತು. ಆ ಸಾಸಿವೆ ಕಾಳುಗಳು ಮಾತ್ರ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ.

ಸಾಸಿವೆ ತಾನೇ, ಹೋದರೆ ಹೋಗಲಿ ಬಿಡಿ ಎನ್ನುವವರು ಈ ಇಂಗ್ಲಿಷರ ನಡುವೆ ಒಂದು ದಿನ ಬಾಳಿ ನೋಡಬೇಕು. ಇವರು ಐದಾರು ಕ್ರಿಯಾಪದ ಇಟ್ಟುಕೊಂಡು ಇಡೀ ಸಂಸಾರ ಸಾಗಿಸುವ ಜನ. ಅರ್ಥವೆಲ್ಲ ಬಾಲದಲ್ಲಿ. ಪುಟ್ ಎಂದರೆ ಇಡುವುದು, ಸರಿ. ಅದರ ಬೆನ್ನಿಗೆ ಆಫ್ ಬಂದರೆ ಕೆಲಸ ನಾಳೆಗೆ ಹೋಯಿತು. ಔಟ್ ಬಂದರೆ ಒಲೆ ಆರಿತು. ಅಪ್ ಬಂದು, ಅದರ ಬೆನ್ನಿಗೆ ವಿತ್ ಬಂದು ಕೂತರೆ, ಕೆಟ್ಟ ಹವೆಯನ್ನೋ ಕೆಟ್ಟ ಗಂಡನನ್ನೋ ಹಲ್ಲು ಕಚ್ಚಿ ಸಹಿಸಿಕೊಂಡಂತೆ. ಥೆಲ್ಮಾ ಈಗ 'ಪುಟ್' ಎಂದು ನಿಂತುಬಿಡುತ್ತಿದ್ದಳು. ಎದುರಿನವರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಇಡು ಅಂತಾಳೋ, ಆರಿಸು ಅಂತಾಳೋ, ಸಹಿಸಿಕೋ ಅಂತಾಳೋ, ದೇವರೇ ಬಲ್ಲ.

ಮನುಷ್ಯರು ಹೇಗೋ ಊಹಿಸಿಕೊಳ್ಳುತ್ತಿದ್ದರು. ಮಿರ್ಕ್ ಏನು ಮಾಡಬೇಕು? ಮಿರ್ಕ್ ಅವಳ ನಾಯಿ. ಕಪ್ಪು ಬೆನ್ನು, ಬಿಳಿ ಎದೆ, ಒಂದು ಕಿವಿ ನೆಟ್ಟಗೆ, ಒಂದು ಜೋಲು. ಕಂಬ್ರಿಯಾದ ಈ ಗುಡ್ಡಗಳಲ್ಲಿ ಕುರಿನಾಯಿಗೆ ಹೇಳುವ ಮಾತೂ ಇದೇ ಜಾತಿಯವು. 'ಕಮ್ ಬೈ' ಎಂದರೆ ಎಡಕ್ಕೆ ಸುತ್ತು. 'ಅವೇ' ಎಂದರೆ ಬಲಕ್ಕೆ. 'ವಾಕ್ ಅಪ್' ಎಂದರೆ ಕುರಿಗಳ ಹತ್ತಿರ ಸರಿ, 'ಲೈ ಡೌನ್' ಎಂದರೆ ಮಲಗು. ಆಸ್ಪತ್ರೆಯಿಂದ ಬಂದ ಮರುದಿನ ಥೆಲ್ಮಾ ಗದ್ದೆಗೆ ಹೋಗಿ, ಎದೆ ತುಂಬ ಉಸಿರೆಳೆದು, 'ಕಮ್' ಎಂದಳು. ಬೈ ಬರಲಿಲ್ಲ. ಮಿರ್ಕ್ ಕುರಿಗಳನ್ನು ಬಿಟ್ಟು ಓಡೋಡಿ ಬಂದು ಅವಳ ಕಾಲ ಬಳಿ ಕೂತು ಬಾಲ ಅಲ್ಲಾಡಿಸಿತು. ಬಾ ಅಂದೆಯಲ್ಲ, ಬಂದೆ. ಅದರ ತಪ್ಪೇನು? ಥೆಲ್ಮಾ ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು. ಸಿಳ್ಳೆಯಾದರೂ ಹಾಕೋಣವೆಂದರೆ ತುಟಿಯ ಬಲಮೂಲೆ ಜೋತುಬಿದ್ದಿತ್ತು, ಬರೀ ಗಾಳಿ ಬಂತು. ಕೈಸನ್ನೆ ಮಾಡೋಣವೆಂದರೆ, ಮಂಜು ಕವಿದ ಗುಡ್ಡದಲ್ಲಿ ಅರ್ಧ ಮೈಲಿ ಆಚೆಯಿರುವ ನಾಯಿಗೆ ಕೈ ಕಾಣುವುದುಂಟೇ?

ಜೂನ್ ತಿಂಗಳಲ್ಲಿ ವಿಲ್ಫ್ ಡಾರ್ಗ್ ಬಂದ. ಶರತ್ಕಾಲದಲ್ಲಿ ಗುಡ್ಡದ ಕುರಿಗಳನ್ನೆಲ್ಲ ಕೆಳಗಿಳಿಸುವ ಕೂಡುಗೆಲಸಕ್ಕೆ ಅವನೇ ಯಜಮಾನ. ಬೇಲಿಯಿಲ್ಲದ ಗುಡ್ಡ ಅದು. ಊರಿನ ಒಂದೊಂದು ಮನೆಗೂ ಅಲ್ಲಿ ಒಂದೊಂದು ಪಾಲು. ಎಲ್ಲರೂ ಸಾಲಾಗಿ ನಿಂತು, ತಮ್ಮ ತಮ್ಮ ಪಾಲಿನ ಕುರಿಗಳನ್ನು ನಾಯಿಯಿಂದ ಇಳಿಸಿಕೊಂಡು ಬರಬೇಕು. ಸಾಲಿನಲ್ಲಿ ಒಬ್ಬರು ಎಡವಿದರೆ ಆ ತೂತಿನಿಂದ ಊರಿನ ಕುರಿಯೆಲ್ಲ ಮತ್ತೆ ಮೇಲಕ್ಕೆ. ಬರ್ಕೆಟ್ ಮನೆಯ ಪಾಲು ಗ್ರೇ ಸ್ಕಾರ್, ಎಲ್ಲಕ್ಕಿಂತ ದೂರದ್ದು, ಎಲ್ಲಕ್ಕಿಂತ ಕಡಿದಾದದ್ದು.

"ಥೆಲ್ಮಾ, ನಾನು ಸುತ್ತಿ ಬಳಸಿ ಮಾತಾಡೋನಲ್ಲ," ಎಂದು ವಿಲ್ಫ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಾಯಿಗೆ ಯಜಮಾನರ ದನಿ ಬೇಕು ಕಣೇ. ಸುಮ್ನೆ ಕೂತ್ರೆ ಅದೂ ಹಾಳಾಗುತ್ತೆ. ನಮ್ಮ ಅಳಿಯ ಕೋರಿನ್‌ನ ನಾಯಿ ಚಳಿಗಾಲದಲ್ಲಿ ಸತ್ತೋಯ್ತಲ್ಲ. ಮಿರ್ಕ್‌ನ ಅವನಿಗೆ ಕೊಡು. ಗ್ರೇ ಸ್ಕಾರ್‌ನೂ ಅವನೇ ನೋಡ್ಕೊಳ್ಲಿ. ನಿಂಗೂ ವಯಸ್ಸಾಯ್ತು, ಬೆಚ್ಚಗೆ ಮನೇಲಿರು."

ಒಮ್ಮೆ ಕೈಬಿಟ್ಟ ಪಾಲು ಮತ್ತೆ ಕೈಗೆ ಬಂದದ್ದು ಈ ಊರಿನಲ್ಲಿಲ್ಲ. ಥೆಲ್ಮಾ, ಗಂಡ ಸ್ಟ್ಯಾನ್ ಸತ್ತ ಮೇಲೆ, ಆ ಗುಡ್ಡದ ಮೇಲೇ ಬದುಕಿದವಳು. ಆ ಮನೆಯಲ್ಲಿ ಅವಳ ಮಾತು ಕೇಳುವ ಜೀವ ಎಂದಿದ್ದರೆ ಅದು ಮಿರ್ಕ್ ಒಂದೇ. ಕೊಡಲ್ಲ ಎನ್ನಬೇಕು, ಅದಕ್ಕೂ ಮುಂಚೆ ಇವನನ್ನು ಹೊರಗೆ ಅಟ್ಟಬೇಕು. 'ಗೆಟ್...' ಎಂದಳು. ಔಟ್ ಬರಲಿಲ್ಲ. ಮುಖ ಕೆಂಪಾಯಿತು. ಆಗ ಎಲ್ಲಿತ್ತೋ ಏನೋ, ಬೇರೊಂದು ಮಾತು ನುಗ್ಗಿ ಬಂತು.

"ನಾಯಿ... ವಿಕ್ರಯ... ನಿಷೇಧ!"

ವಿಲ್ಫ್ ಕಣ್ಣು ಕಣ್ಣು ಬಿಟ್ಟ. "ಇದೇನೇ, ನಾನೇನು ಕೋರ್ಟಿಗೆ ಬಂದಿದೀನಾ?"

ಅದೂ ಸೋಜಿಗವೇ. ಇಂಗ್ಲಿಷಿನಲ್ಲಿ ಇನ್ನೊಂದು ಬಗೆಯ ಮಾತುಗಳಿವೆ. ಲ್ಯಾಟಿನ್‌ನಿಂದ ಬಂದವು, ನಮ್ಮಲ್ಲಿ ಸಂಸ್ಕೃತ ಇದ್ದ ಹಾಗೆ. ಕೋರ್ಟು ಕಚೇರಿಯವು, ಪಾದ್ರಿಗಳವು. ಬಾಲವಿಲ್ಲದ ದಪ್ಪ ಮಾತುಗಳು. ಥೆಲ್ಮಾ ಜನ್ಮದಲ್ಲಿ ಅವುಗಳನ್ನು ಬಾಯಲ್ಲಿ ಹಾಕಿಕೊಂಡವಳಲ್ಲ, ರೇಡಿಯೋದಲ್ಲಿ ಕೇಳಿದ್ದಳು ಅಷ್ಟೇ. ಈಗ ಅವು ಗಂಟುಗಂಟಾಗಿ ಹೊರಬೀಳುತ್ತಿದ್ದವು. ಅಂಗಡಿಯಲ್ಲಿ ಹಾಲು ತೀರಿದೆಯೇ ಎಂದು ಕೇಳಲು 'ಹಾಲು... ಸಮಾಪ್ತಿ?' ಎನ್ನುತ್ತಿದ್ದಳು. ಊರಿನ ಜನ ಮರೆಯಲ್ಲಿ ಅವಳನ್ನು ಜಡ್ಜಮ್ಮ ಎಂದು ಕರೆಯತೊಡಗಿದರು.

"ಆಯ್ತಮ್ಮಾ ಜಡ್ಜಮ್ಮ," ಎಂದ ವಿಲ್ಫ್, ನಗು ತಡೆದುಕೊಂಡು. "ಆದ್ರೆ ಮಿರ್ಕ್‌ಗೆ ಲ್ಯಾಟಿನ್ ಬರಲ್ಲ. ಸೆಪ್ಟೆಂಬರಲ್ಲಿ ಬಂದು ನೋಡ್ತೀನಿ. ಅಷ್ಟರಲ್ಲಿ ನಾಯಿ ನಿನ್ನ ಮಾತು ಕೇಳಿದ್ರೆ ಸರಿ."

ವಾರಕ್ಕೊಮ್ಮೆ ಕೆಂಡಲ್‌ನಿಂದ ಸಮೀನಾ ಬರುತ್ತಿದ್ದಳು. ಮಾತು ಕಲಿಸುವ ಥೆರಪಿಸ್ಟ್. ಬ್ರ್ಯಾಡ್‌ಫರ್ಡ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ, ಜೋರು ನಗು, ಕೆಸರಿಗೆ ಸ್ವಲ್ಪವೂ ಹೆದರದವಳು. ಅಡುಗೆಮನೆಯ ಮೇಜಿನ ಮೇಲೆ ಚೀಟಿಗಳನ್ನು ಹರಡುತ್ತಿದ್ದಳು. ಒಂದು ಕಡೆ ಗೆಟ್, ಪುಟ್, ರನ್, ಲುಕ್. ಇನ್ನೊಂದು ಕಡೆ ಅಪ್, ಆನ್, ಔಟ್, ಆಫ್, ವಿತ್. 'ಗೆಟ್' ತೆಗೆದು ಅದರ ಪಕ್ಕ 'ಆನ್', ಅದರ ಪಕ್ಕ 'ವಿತ್' ಇಟ್ಟು, "ಹೊಂದಿಕೊಂಡು ಹೋಗೋದು, ಮಿಸೆಸ್ ಬರ್ಕೆಟ್. ನೀವು ಅಕ್ಕಪಕ್ಕದೋರ ಜೊತೆ ಹೊಂದಿಕೊಂಡು ಹೋಗ್ತೀರಲ್ಲ, ಅದು," ಎನ್ನುತ್ತಿದ್ದಳು.

"ಇಲ್ಲ," ಎಂದಳು ಥೆಲ್ಮಾ. ಅದೊಂದು ಮಾತು ಮಾತ್ರ ಯಾವತ್ತೂ ಕೈಕೊಟ್ಟಿರಲಿಲ್ಲ.

ಸಮೀನಾ ಬಿದ್ದು ಬಿದ್ದು ನಕ್ಕಳು. ಆದರೆ ಚೀಟಿ ನೋಡಿ ಓದಿದರೂ ಥೆಲ್ಮಾಳ ನಾಲಿಗೆ 'ಗೆಟ್' ದಾಟುತ್ತಿರಲಿಲ್ಲ. ಗಂಟಲಲ್ಲಿ ಕಡುಬು ತುರುಕಿದ ಹಾಗೆ. ಒಂದು ದಿನ ಸಿಟ್ಟು ತಡೆಯಲಾರದೆ ಮೇಜಿನ ಮೇಲಿದ್ದ ಚೀಟಿಗಳನ್ನೆಲ್ಲ ಕೈಯಿಂದ ಬಾಚಿ ನೆಲಕ್ಕೆ ಎಸೆದುಬಿಟ್ಟಳು. ಮಿರ್ಕ್ ಹೆದರಿ ಒಲೆಯ ಹಿಂದೆ ಸೇರಿತು. ಸಮೀನಾ ಬೇಸರಿಸಲಿಲ್ಲ. ಕೂತು ಚೀಟಿ ಆಯುತ್ತಾ ಹೇಳಿದಳು: "ನೋಡಿ, ನಾನು ಸುಳ್ಳು ಹೇಳಲ್ಲ. ಇವು ಬರಬಹುದು, ಬರದೇನೂ ಇರಬಹುದು. ಕೆಟಲ್ ಅಂದಾಗ ನಿಮ್ಮ ಕಣ್ಮುಂದೆ ಕೆಟಲ್ ಬರುತ್ತೆ. ಅದನ್ನ ಹಿಡ್ಕೊಂಡು ಮಾತೂ ಬರುತ್ತೆ. 'ಅಪ್' ಅನ್ನೋದನ್ನ ಯಾರು ಕಣ್ಣಾರೆ ನೋಡಿದಾರೆ, ಹೇಳಿ? ಮಾತು ಸಿಗದೇ ಇದ್ದಾಗ ಅದರ ಹಿಂದೆ ಓಡಬೇಡಿ. ವಸ್ತುನ ನೋಡಿ. ಇರೋದ್ರಲ್ಲಿ ಕೆಲಸ ಸಾಗಿಸಿ."

ಇರುವುದರಲ್ಲಿ. ಆ ಸಂಜೆ ಥೆಲ್ಮಾ ಅಡುಗೆಮನೆಯಲ್ಲಿ ಕೂತು ಸುತ್ತ ನೋಡಿದಳು. ಟೀ. ಕೆಟಲ್. ಜಾಮು. ಬ್ರೆಡ್ಡು. ಬೆಣ್ಣೆ. ಒಂದೊಂದನ್ನೂ ಗಟ್ಟಿಯಾಗಿ ಕೂಗಿದಳು. ಒಂದೂ ತೊಡರಲಿಲ್ಲ. ಮಿರ್ಕ್ ತಲೆಯೆತ್ತಿ, ಊಟಕ್ಕೆ ಕರೆಯುತ್ತಿದ್ದಾಳೆಂದು ಆಸೆಯಿಂದ ನೋಡಿತು. ಥೆಲ್ಮಾ ಕೋಲು ತೆಗೆದುಕೊಂಡು ಎದ್ದಳು.

ಆ ಬೇಸಿಗೆಯೆಲ್ಲ ಅವಳದು ಒಂದೇ ಹಠ. ಮನೆಯ ಹಿಂದಿನ ಗದ್ದೆಯಲ್ಲಿ ಐದಾರು ಕುರಿ ಬಿಟ್ಟುಕೊಂಡು, ನಾಯಿಗೆ ಹೊಸ ಭಾಷೆ ಕಲಿಸಿದಳು. ಟೀ ಎಂದರೆ ಎಡಕ್ಕೆ. ಕೆಟಲ್ ಎಂದರೆ ಬಲಕ್ಕೆ. ಜಾಮು ಎಂದರೆ ಹತ್ತಿರ ಸರಿ, ಬ್ರೆಡ್ಡು ಎಂದರೆ ಮಲಗು. ಎಲ್ಲ ಮುಗಿದು ನನ್ನ ಬಳಿ ಬಾ ಎನ್ನುವುದಕ್ಕೆ ಬೆಣ್ಣೆ. ನಾಯಿಯನ್ನು ಎಡಕ್ಕೆ ಕಳಿಸಬೇಕಾದರೆ ತಾನು ಬಲಗಡೆ ಅಡ್ಡ ನಿಂತು ಕೋಲು ಚಾಚಿ 'ಟೀ' ಎನ್ನುವುದು. ಮಿರ್ಕ್ ಮೊದಲು ಕೂತು ಅವಳ ಮುಖ ನೋಡಿತು. ಆಮೇಲೆ ಬೊಗಳಿತು. ಆಮೇಲೆ, ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುವಂತೆ ಗೋಡೆಯ ನೆರಳಿಗೆ ಹೋಗಿ ಮಲಗಿಬಿಟ್ಟಿತು. ಥೆಲ್ಮಾ ಬಿಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವಳು. ಮಳೆ ಬಂದರೂ ಹೋದಳು, ಮೈ ಬಿಸಿಯಿದ್ದರೂ ಹೋದಳು. ಜುಲೈ ಮುಗಿಯುವ ಹೊತ್ತಿಗೆ 'ಟೀ' ಎಂದರೆ ನಾಯಿ ಯೋಚಿಸದೆ ಎಡಕ್ಕೆ ಬಳುಕಿತು. ಥೆಲ್ಮಾ ಕೋಲು ಬಿಸಾಡಿ ಅದನ್ನು ತಬ್ಬಿಕೊಂಡಳು.

ಕೋರಿನ್ ಒಮ್ಮೊಮ್ಮೆ ಕಲ್ಲುಗೋಡೆಯ ಮೇಲೆ ಮೊಣಕೈಯೂರಿ ನೋಡುತ್ತಿದ್ದ. ಮೂವತ್ತರ ಆಸುಪಾಸಿನವನು, ಪಕ್ಕದ ಕಣಿವೆಯಿಂದ ಮದುವೆಯಾಗಿ ಬಂದವನು.

"ನಾನು ಮುಚ್ಚುಮರೆ ಮಾಡಲ್ಲ ಥೆಲ್ಮಾ," ಎಂದ ಒಂದು ದಿನ. "ಈ ನಾಯಿ ಮೇಲೆ ನಂಗೆ ಆಸೆ ಇದೆ. ಇಂಥ ನಾಯಿ ದುಡ್ಡು ಕೊಟ್ರೂ ಸಿಗಲ್ಲ. ನೀವು ಸೋತ್ರೆ ನಂಗೇನೂ ಬೇಜಾರಿಲ್ಲ."

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಥೆಲ್ಮಾ ಒದೆಯಲಿಲ್ಲ. ಅವನ ನೇರ ಮಾತು ಅವಳಿಗೆ ಹಿಡಿಸಿತು. "ಪ್ರತೀಕ್ಷೆ... ವ್ಯರ್ಥ," ಎಂದಳು. ಕಾಯುವುದು ದಂಡ ಕಣಪ್ಪ ಎಂದು ಹೇಳಬೇಕಿತ್ತು, ಬಂದದ್ದು ಹಾಗೆ.

ಸೆಪ್ಟೆಂಬರಿನಲ್ಲಿ ವಿಲ್ಫ್ ನೋಡಲು ಬಂದ. ಗದ್ದೆಯ ಬಲಮೂಲೆಯಲ್ಲಿ, ಗೋಡೆಯ ಪಕ್ಕ, ಕೈ ಕಟ್ಟಿ ನಿಂತ. ಜಾಮು, ಬ್ರೆಡ್ಡು ಎಲ್ಲ ಸರಿಯಾಗಿ ನಡೆಯಿತು. ವಿಲ್ಫ್‌ನ ಹುಬ್ಬು ಮೇಲೇರಿತು. ಅವನ ಹುಬ್ಬು ಏರಿದ್ದೇ ತಪ್ಪಾಯಿತು, ಥೆಲ್ಮಾ ಹಿಗ್ಗಿದಳು. ಕೆಟಲ್ ಎನ್ನಬೇಕಾದಲ್ಲಿ 'ಟೀ!' ಎಂದು ಕೂಗಿದಳು. ಎಡ ಬಲ ತಪ್ಪುವುದು ಈ ಕಸುಬಿನಲ್ಲಿ ಎಲ್ಲರಿಗೂ ಆಗುವಂಥದ್ದೇ, ಲಕ್ವ ಹೊಡೆಯಬೇಕೆಂದಿಲ್ಲ. ಆದರೆ ಮಿರ್ಕ್ ಹೇಳಿದ್ದನ್ನು ಮಾಡುವ ನಾಯಿ. ಎಡದಿಂದ ಸುತ್ತಿ ಬಂತು. ಕುರಿಗಳೆಲ್ಲ ಒಟ್ಟಾಗಿ ಬಲಕ್ಕೆ ನುಗ್ಗಿ, ವಿಲ್ಫ್‌ನ ಕಾಲ ಸಂದಿಯಲ್ಲೇ ದಾರಿ ಮಾಡಿಕೊಂಡವು. ಯಜಮಾನ ಹೋಗಿ ತುರಿಕೆ ಗಿಡದ ಪೊದೆಯಲ್ಲಿ ಕೂತ.

"ಸಾಕು," ಎಂದ ಅವನು ಎದ್ದು, ಅಂಗೈ ಕೆರೆದುಕೊಳ್ಳುತ್ತಾ. "ಸಾಕು ಕಣೇ ಥೆಲ್ಮಾ. ಗುಡ್ಡದ ಮೇಲೆ ಹಿಂಗಾದ್ರೆ ಊರಿನ ಗತಿಯೇನು?"

"ನಿರಾಕರಣೆ," ಎಂದಳು ಥೆಲ್ಮಾ.

"ಏನಂದೆ?"

"ನಿರಾಕರಣೆ!" ಕೋಲನ್ನು ನೆಲಕ್ಕೆ ಕುಟ್ಟಿದಳು. ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿರಲಿಲ್ಲ. "ಪಾಲು... ನನ್ನದು. ನಾಯಿ... ನನ್ನದು. ಒಂದು... ಅವಕಾಶ."

ವಿಲ್ಫ್ ಬಹಳ ಹೊತ್ತು ಅಂಗೈ ಕೆರೆದುಕೊಂಡ. ಅವಳ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಅವನು. ಕೊನೆಗೆ ಹೇಳಿದ: "ಸರಿ. ಗ್ರೇ ಸ್ಕಾರ್‌ನ ಪಕ್ಕದ ಪಾಲಲ್ಲಿ ಕೋರಿನ್ ನಿಲ್ತಾನೆ, ತೊರೆಯ ಆಚೆ. ಅವನು ತೊರೆ ದಾಟಿ ನಿನ್ನ ಕಡೆ ಬರಬೇಕಾಗಿ ಬಂದ್ರೆ, ಅಲ್ಲಿಗೆ ಮುಗೀತು. ನಾಯಿ ಅವನದು, ಪಾಲೂ ಅವನದು. ಆಮೇಲೆ ಜಡ್ಜಮ್ಮ ತೀರ್ಪು ಗೀರ್ಪು ಹೇಳಬಾರದು. ಮತ್ತೆ ಕೂಗು ಇದೆ, ನೆನಪಿರಲಿ. ಕೂಗು ಬರದೆ ನಾನು ಗೇಟು ತೆಗೆಯಲ್ಲ."

"ಸಮ್ಮತ," ಎಂದಳು ಥೆಲ್ಮಾ.

ಕೂಗು ಎಂದರೆ, ತಮ್ಮ ಪಾಲು ಬರಿದಾಯಿತು, ಕುರಿಯೆಲ್ಲ ಕೆಳಗಿಳಿಯಿತು ಎಂದು ತಿಳಿಸುವ ಕೂಗು. 'ಆಲ್ ಇನ್!' ತುದಿಯವರು ಕೂಗಬೇಕು, ಪಕ್ಕದವರು ಕೇಳಿ ಮುಂದಿನವರಿಗೆ ದಾಟಿಸಬೇಕು, ಹಾಗೆ ಬಾಯಿಂದ ಬಾಯಿಗೆ ಕೆಳಗಿನ ಗೇಟಿನವರೆಗೆ. ಬಂದದ್ದನ್ನು ಬಂದ ಹಾಗೇ ದಾಟಿಸಬೇಕು, ನಿಮ್ಮ ಉಪ್ಪು ಖಾರ ಬೆರೆಸಬಾರದು ಎಂಬುದು ಅಜ್ಜಂದಿರ ಕಾಲದ ಕಟ್ಟು. ಗ್ರೇ ಸ್ಕಾರ್ ತುದಿಯ ಪಾಲು, ಮೊದಲ ಕೂಗು ಅಲ್ಲಿಂದಲೇ ಏಳಬೇಕು. ಥೆಲ್ಮಾ ಸಮೀನಾಳ ಜೊತೆ ಅದನ್ನೇ ಪಟ್ಟಾಗಿ ಅಭ್ಯಾಸ ಮಾಡಿದಳು. 'ಆಲ್' ಬಂತು. 'ಇನ್' ಬರಲಿಲ್ಲ.

ಅಕ್ಟೋಬರಿನ ಆ ಬೆಳಿಗ್ಗೆ ಗುಡ್ಡದ ತಲೆಗೆ ಮಂಜು ಕಟ್ಟಿತ್ತು. ಥೆಲ್ಮಾ ಜೇಬಿನಲ್ಲಿ ಎರಡು ತುಂಡು ಜಿಂಜರ್‌ಬ್ರೆಡ್ ಇಟ್ಟುಕೊಂಡು, ಎಲ್ಲರಿಗಿಂತ ಮುಂಚೆ ಹತ್ತಿದಳು. ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಎಡಕ್ಕೆ ಬಂಡೆ, ಬಲಕ್ಕೆ ತೊರೆ, ತೊರೆಯ ಆಚೆ ಕೋರಿನ್‌ನ ಹಳದಿ ಕೋಟು.

"ಟೀ!" ಎಂದು ಕೂಗಿದಳು. ಮಿರ್ಕ್ ಮಂಜಿನೊಳಗೆ ಮಾಯವಾಯಿತು.

"ಯಾರಾದ್ರೂ ಆ ಅಮ್ಮನಿಗೆ ಒಂದು ಕಪ್ ಕೊಡ್ರಪ್ಪಾ!" ಎಂದು ದೂರದಿಂದ ಯಾವನೋ ಕೂಗಿದ. ಸಾಲಿನುದ್ದಕ್ಕೂ ನಗೆ ಹರಿಯಿತು. ನಗಲಿ ಬಿಡಿ. ಎಡಗಡೆಯ ಬಂಡೆಯ ಸಂದುಗಳಿಂದ ಬೂದು ಕುರಿಗಳು ಒಂದೊಂದಾಗಿ ಉದುರತೊಡಗಿದವು. "ಜಾಮು! ಜಾಮು!" ಮಂದೆ ಕೂಡಿತು, ಇಳಿಯಿತು. "ಬ್ರೆಡ್ಡು!" ನಾಯಿ ಮಲಗಿತು, ಕುರಿಗಳು ಉಸಿರು ತೆಗೆದುಕೊಂಡವು. ನಗೆ ನಿಂತಿದ್ದು ಯಾವಾಗ ಎಂದು ಥೆಲ್ಮಾ ಗಮನಿಸಲಿಲ್ಲ.

ಅರ್ಧ ಗುಡ್ಡ ಇಳಿದಾಗ ಒಂದು ಮುದಿ ಕುರಿ ನಿಂತುಕೊಂಡಿತು. ಮುರಿದ ಕೊಂಬಿನ ಕಿಲಾಡಿ, ವರ್ಷ ವರ್ಷವೂ ಇದೇ ಆಟ. ಕಾಲು ಕುಟ್ಟಿತು, ಕತ್ತು ತಿರುಗಿಸಿತು, ಬಲಕ್ಕೆ ತೊರೆಯ ಕಡೆ ಓಟ ಕಿತ್ತಿತು. ಅದರ ಹಿಂದೆ ಇಡೀ ಮಂದೆ. ಮಿರ್ಕ್ ಎಡಗಡೆ ಇತ್ತು. ಈಗ ಬಲಕ್ಕೆ ಹೋಗಬೇಕು, ಈ ಕ್ಷಣ ಹೋಗಬೇಕು. ಥೆಲ್ಮಾ ಬಾಯಿ ತೆರೆದಳು.

ಏನೂ ಬರಲಿಲ್ಲ. ಟೀಯೂ ಇಲ್ಲ, ಜಾಮೂ ಇಲ್ಲ. ಹಳೆಯ ಮಾತೂ ಇಲ್ಲ, ಹೊಸದೂ ಇಲ್ಲ. ಬಾಯೊಳಗೆಲ್ಲ ಬಟಾಬಯಲು. ತೊರೆಯ ಆಚೆ ಕೋರಿನ್ ಓಡಿ ದಡಕ್ಕೆ ಬಂದ. ಒಂದು ಕಾಲು ನೀರಿನ ನಡುವಿನ ಕಲ್ಲಿನ ಮೇಲಿಟ್ಟ. ಇಟ್ಟು ಅವಳ ಕಡೆ ನೋಡಿದ.

ಹೋಯಿತು, ಎಂದುಕೊಂಡಳು ಥೆಲ್ಮಾ. ನಾಯಿ ಹೋಯಿತು, ಗುಡ್ಡ ಹೋಯಿತು. ಆ ಸಿಟ್ಟಿನಲ್ಲೇ ಕಣ್ಣು ಮುಚ್ಚಿದಳು. ಮಾತಿನ ಹಿಂದೆ ಓಡಬೇಡಿ. ಒಲೆಯ ಮೇಲೆ ಏನಿದೆ? ಮಸಿ ಹಿಡಿದ ತಳ. ಸ್ಟ್ಯಾನ್ ತಂತಿ ಸುತ್ತಿ ಸರಿಮಾಡಿದ ಹಿಡಿ. ಕುದಿಯುವಾಗ ಲಟಲಟ ಕುಣಿಯುವ ಮುಚ್ಚಳ.

"ಕೆಟಲ್!"

ಆ ದನಿ ಬಂಡೆಗೆ ಬಡಿದು ವಾಪಸು ಬಂತು. ಮಿರ್ಕ್ ಹೊಟ್ಟೆ ನೆಲಕ್ಕೆ ತಾಗುವಂತೆ ಮಂದೆಯ ಹಿಂದಿನಿಂದ ಬಲಕ್ಕೆ ಹಾರಿತು. ತೊರೆಯ ದಡದಲ್ಲಿ ಮುದಿ ಕುರಿಯ ಮುಂದೆ ಹೋಗಿ ಮೂಗಿಗೆ ಮೂಗು ಕೊಟ್ಟು ನಿಂತಿತು. ಕುರಿ ಕಾಲು ಕುಟ್ಟಿತು. ನಾಯಿ ಅಲುಗಲಿಲ್ಲ. ಕುರಿ ಇನ್ನೊಮ್ಮೆ ಕುಟ್ಟಿ, ಮುಖ ತಿರುಗಿಸಿ, ಏನೂ ನಡೆದೇ ಇಲ್ಲವೆಂಬಂತೆ ಇಳಿಜಾರು ಹಿಡಿಯಿತು. ಕೋರಿನ್ ಕಲ್ಲಿನ ಮೇಲಿಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

ಗ್ರೇ ಸ್ಕಾರ್‌ನ ಬುಡದ ಗೋಡೆಯ ಬಳಿ ಮಂದೆ ಸೇರಿದಾಗ ಥೆಲ್ಮಾ ಕೋಲೂರಿ ನಿಂತಳು. ಹಿಂದೆ ತಿರುಗಿ ನೋಡಿದಳು. ಗ್ರೇ ಸ್ಕಾರ್ ಬರಿದಾಗಿತ್ತು, ಒಂದು ಬಾಲವೂ ಉಳಿದಿರಲಿಲ್ಲ. ಇನ್ನು ಕೂಗು. ಸಾಲಿನವರೆಲ್ಲ ಅವಳಿಗಾಗಿ ಕಾದು ನಿಂತಿದ್ದರು.

"ಆಲ್..." ಎಂದಳು. "ಆಲ್..."

ಆ ಚಿಟಿಕೆ ಪದವನ್ನು ಎಲ್ಲಿ ನೋಡುವುದು? ಅದಕ್ಕೆ ಹಿಡಿಯಿಲ್ಲ, ಮುಚ್ಚಳವಿಲ್ಲ. ಕೋರಿನ್ ಕಿವಿಗೆ ಕೈಯಿಟ್ಟು ಕಾಯುತ್ತಿದ್ದ. ಅರ್ಧ ಕೂಗು ಕೂಗಲ್ಲ, ಅವನು ದಾಟಿಸುವಂತೆಯೂ ಇಲ್ಲ. ಥೆಲ್ಮಾಗೆ ರೇಗಿತು. ಕೆಲಸ ಮುಗಿದಿದೆ ತಾನೇ? ಕೆಲಸ ಮುಗಿದರೆ ಅವಳೂ ಮಿರ್ಕೂ ಏನೆನ್ನುತ್ತಾರೆ? ಅವಳು ಎರಡೂ ಕೈ ಬಾಯಿಗೆ ಹಿಡಿದು, ಗುಡ್ಡ ಬಿರಿಯುವಂತೆ ಕೂಗಿದಳು.

"ಬೆಣ್ಣೇ!"

ಕೋರಿನ್ ಅವಳನ್ನು ನೋಡಿದ, ಬರಿದಾದ ಗುಡ್ಡವನ್ನು ನೋಡಿದ, ಆಮೇಲೆ ಮಿರ್ಕ್‌ನ ಕಡೆ ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. ಇದು ಕೂಗಲ್ಲ ಎಂದು ಅವನು ಸುಮ್ಮನೆ ನಿಂತಿದ್ದರೆ ಕೇಳುವವರಿರಲಿಲ್ಲ. ಅವನು ಬೆನ್ನು ತಿರುಗಿಸಿದ. ಎದೆಯುಬ್ಬಿಸಿ ಕೆಳಕ್ಕೆ ಕೂಗಿದ.

"ಬೆಣ್ಣೇ!"

ಬಂದದ್ದನ್ನು ಬಂದ ಹಾಗೇ. ಅವನ ಆಚೆಯವರು ಒಂದು ಗಳಿಗೆ ತಡೆದು, 'ಬೆಣ್ಣೇ!' ಎಂದರು. ಅವರ ಆಚೆಯವರು, ಅವರಾಚೆಯವರು. ಮಂಜಿನಲ್ಲಿ ಮುಖ ಕಾಣದ ಗಂಡಸರು, ಹೆಂಗಸರು, ಬೆಳಿಗ್ಗೆ ನಕ್ಕಿದ್ದ ಅದೇ ಬಾಯಿಗಳು, ಗುಡ್ಡದ ಸುತ್ತ ಬೆಣ್ಣೆ ಬೆಣ್ಣೆ ಎಂದು ಕೂಗುತ್ತಾ ಹೋದವು. ಕೆಳಗೆ, ಬಹಳ ಕೆಳಗೆ, ಅದು ನಿಂತಿತು. ಆಮೇಲೆ ವಿಲ್ಫ್‌ನ ಒಡಕಲು ದನಿ ಮೇಲಕ್ಕೆ ಬಂತು, "ಬೆಣ್ಣೇ!" ಜೊತೆಗೆ ಗೇಟು ಕಿರ್ರೆಂದ ಸದ್ದು.

ಅಷ್ಟೂ ಬಾಯಿಗಳಿಂದ ಆ ಮಾತು ಬಂದರೂ ಮಿರ್ಕ್ ಯಾರ ಕಡೆಯೂ ಕಿವಿ ತಿರುಗಿಸಿರಲಿಲ್ಲ. ಥೆಲ್ಮಾ ಕೂಗಿದಾಗಲೇ ಹೊರಟು ಬಂದು, ಅವಳ ಮೊಣಕಾಲಿಗೆ ಒರಗಿ ನಿಂತಿತ್ತು. ಕೋರಿನ್ ತೊರೆಯ ಆಚೆಯಿಂದ ನೋಡುತ್ತಿದ್ದ.

"ನಾನೂ ಬೆಣ್ಣೆ ಅಂದೆ," ಎಂದ. "ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ."

"ನನ್ನ ನಾಯಿ," ಎಂದಳು ಥೆಲ್ಮಾ. ಜೇಬಿನಿಂದ ಜಿಂಜರ್‌ಬ್ರೆಡ್ ತೆಗೆದು, ಒಂದನ್ನು ತೊರೆಯ ಆಚೆ ಅವನಿಗೆ ಎಸೆದಳು. ಇನ್ನೊಂದನ್ನು ಮುರಿದು ಅರ್ಧ ಮಿರ್ಕ್‌ಗೆ ಕೊಟ್ಟು, ಗೇಟಿನ ಕಡೆ ನಡೆದಳು.